ಪ್ರತಿಕ್ರಿಯೆ: ಕುವೈತಿಗೆ ಮನೆಗೆಲಸಕ್ಕೆ ಹೋದ ಅಕ್ಕನ ಪಾಸ್‌ಪೋರ್ಟ್ ಮತ್ತು ಬಾಕಿ ಸಂಬಳ
ಯಜಮಾನರು ನಿಮ್ಮ ಅಕ್ಕನ ಪಾಸ್‌ಪೋರ್ಟ್ ಇಟ್ಟುಕೊಂಡು ನಾಲ್ಕು ತಿಂಗಳಿಂದ ಸಂಬಳ ಕೊಡದಿರಲು ಬಹುಶಃ ಮೂಲ ಕಾರಣ, ಕಫಾಲಾ ಪದ್ಧತಿಯಲ್ಲಿ (ವಿದೇಶಿ ಕೆಲಸಗಾರರ ವಾಸಕ್ಕೆ ಯಜಮಾನರೇ ಪ್ರಾಯೋಜಕರಾಗಿರುವ ವ್ಯವಸ್ಥೆ) ಆಕೆಯ ವಾಸದ ಪರವಾನಗಿ ಅವರ ಕೈಯಲ್ಲೇ ಇರುವುದು. ಆದರೂ ಕುವೈತಿನ 2015ರ 68ನೇ ಕಾಯಿದೆಯ ಪ್ರಕಾರ, ಮನೆಗೆಲಸದವರ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಇಟ್ಟುಕೊಳ್ಳುವಂತಿಲ್ಲ. ವಾರಕ್ಕೊಂದು ದಿನ ಸಂಬಳಸಹಿತ ರಜೆಯನ್ನೂ ಕೊಡಲೇಬೇಕು.

ಮೊದಲು ಪಾಸ್‌ಪೋರ್ಟ್, ವೀಸಾ, ಕರಾರುಪತ್ರಗಳ ನಕಲು ಹುಡುಕಿ. ನಾನು ನೆರವಾದ ಒಬ್ಬ ತಾಯಿಯ ಬಳಿ ಇದ್ದದ್ದು ಫೋನಿನ ಕವರಿನೊಳಗೆ ಎಂಟು ಮಡಿಕೆಯಾಗಿದ್ದ ಒಂದು ಜೆರಾಕ್ಸ್ ಮಾತ್ರ. ಅದರ ಮೇಲಿನ ಸಂಖ್ಯೆಯಿಂದಲೇ ದೂರು ದಾಖಲಾಯಿತು.

ಬಳಿಕ ವಿದೇಶದಲ್ಲಿರುವ ಭಾರತೀಯರ ದೂರುಗಳಿಗಾಗಿ ಇರುವ ವಿದೇಶಾಂಗ ಸಚಿವಾಲಯದ ಮದದ್ ಪೋರ್ಟಲ್‌ನಲ್ಲಿ ನೀವೇ ದೂರು ದಾಖಲಿಸಿ, ಅದರ ಸಂಖ್ಯೆಯನ್ನು ನಮೂದಿಸಿ ಕುವೈತಿನ ಭಾರತೀಯ ರಾಯಭಾರ ಕಚೇರಿಗೂ ಬರೆಯಿರಿ. ಯಾವ ತಿಂಗಳಿನಿಂದ ಸಂಬಳ ಬಂದಿಲ್ಲ, ಎಷ್ಟು ದಿನಾರಿಗೆ ಒಪ್ಪಂದವಾಗಿತ್ತು ಎಂಬುದನ್ನು ಖಚಿತವಾಗಿ ತಿಳಿಸಿ.

ಯಾರಿಗೂ ಹೇಳದೆ ಮನೆ ಬಿಟ್ಟರೆ ಯಜಮಾನರು ಪರಾರಿಯ ದೂರು ಕೊಟ್ಟು ಆಕೆಯನ್ನೇ ಅಪರಾಧಿಯಾಗಿಸಬಹುದಾದ್ದರಿಂದ, ಅಕ್ಕ ಆತುರಪಡದಿರಲಿ. ಆದರೆ ಹೊಡೆತ ಅಥವಾ ಲೈಂಗಿಕ ಕಿರುಕುಳವಿದ್ದರೆ ಕಾಗದಪತ್ರಗಳಿಗೆ ಕಾಯದೆ ನೇರವಾಗಿ ರಾಯಭಾರ ಕಚೇರಿಗೆ ಹೋಗಲಿ. ಜೀವಕ್ಕಿಂತ ಯಾವ ಪರವಾನಗಿಯೂ ದೊಡ್ಡದಲ್ಲ.

ಆಕೆ ಯಾವ ವೀಸಾದಲ್ಲಿ ಹೋದರೆಂದು ನೀವು ಬರೆದಿಲ್ಲ. ಪ್ರವಾಸಿ ವೀಸಾದಲ್ಲಿ ಕಳುಹಿಸಿದ್ದರೆ ಸಂಬಳ ವಸೂಲಿ ಕಷ್ಟವಾಗಬಹುದು, ಆದರೆ ಊರಿಗೆ ಮರಳಲು ನೆರವು ಕೇಳುವುದಕ್ಕೆ ಅದು ಅಡ್ಡಿಯಲ್ಲ. ಏಜೆಂಟರು ನೋಂದಾಯಿತರೇ ಎಂದು, ವಿದೇಶಕ್ಕೆ ಕೆಲಸಕ್ಕೆ ಹೋಗುವವರಿಗಾಗಿ ಭಾರತ ಸರ್ಕಾರ ನಡೆಸುವ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ; ಅಲ್ಲವಾದರೆ 1983ರ ವಲಸೆ ಕಾಯಿದೆಯಡಿ ನಿಮ್ಮೂರಿನ ಠಾಣೆಯಲ್ಲಿ ದೂರು ಕೊಟ್ಟು, ಹಣ ಕೊಟ್ಟ ರಸೀದಿಯ ಪ್ರತಿಯನ್ನು ಲಗತ್ತಿಸಿ.