ಪ್ರತಿಕ್ರಿಯೆ: ಕವಿಗೋಷ್ಠಿಯಲ್ಲಿ ಸಾಲಿನ ಕೊನೆ ಕೇಳಿಸದಿದ್ದರೆ
ವಿಶ್ವವಿದ್ಯಾಲಯದ ಕವಿಗೋಷ್ಠಿಯಲ್ಲಿ ಹಿಂದೆ ಕೂತವರಿಗೆ ಕವಿತೆಯ ಸಾಲಿನ ಕೊನೆಯ ಪದಗಳೇ ಕೇಳಿಸುವುದಿಲ್ಲ, ವಾಲ್ಯೂಮ್ ಏರಿಸಿದರೆ ಮೈಕ್ ಕೂಗುತ್ತದೆ ಎಂದರೆ ದೋಷ ಬಹುತೇಕ ಸ್ಪೀಕರಿನದಲ್ಲ, ಬಾಯಿಗೂ ಮೈಕಿಗೂ ಇರುವ ದೂರದ್ದು. ಹಾಳೆ ನೋಡಲು ತಲೆ ತಗ್ಗಿಸಿದಾಗ ದನಿ ಮೈಕ್ ತಪ್ಪಿಸಿಕೊಂಡು ಕೆಳಗೆ ಹೋಗುತ್ತದೆ. ಕವಿತೆಯ ಜೀವ ಸಾಲಿನ ಕೊನೆಯಲ್ಲೇ ಇರುವುದರಿಂದ ನಷ್ಟ ಸಣ್ಣದಲ್ಲ.

ಮೊದಲು ಹಾಳೆಯನ್ನು ಎದೆಮಟ್ಟದ ಸ್ಟ್ಯಾಂಡಿಗೆ ಏರಿಸಿ. 16–18 ಪಾಯಿಂಟ್ ಅಕ್ಷರದಲ್ಲಿ ಮುದ್ರಿಸಿದರೆ ಬಗ್ಗಬೇಕಾಗಿಲ್ಲ. ಆಮೇಲೆ ಮೈಕನ್ನು 10–15 ಸೆಂ.ಮೀ. ದೂರದಲ್ಲಿ, ಗದ್ದದ ಮಟ್ಟದಿಂದ ಬಾಯಿಯತ್ತ ಓರೆಯಾಗಿ ನಿಲ್ಲಿಸಿ. ನೇರ ಎದುರಿಗಿಟ್ಟರೆ ಪ, ಫ, ಭ ಅಕ್ಷರಗಳ ಉಸಿರು ಮೈಕಿಗೆ ಗುದ್ದುತ್ತದೆ. ದೂರ ಅರ್ಧವಾದರೆ ದನಿ ಸುಮಾರು 6 ಡೆಸಿಬೆಲ್ ಹೆಚ್ಚು ಸಿಗುತ್ತದೆ. ಅಷ್ಟು ಗೇನ್ (ಮೈಕಿನ ದನಿಯನ್ನು ಹಿಗ್ಗಿಸುವ ಪ್ರಮಾಣ) ಇಳಿಸಿ, ಕೂಗು ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಸ್ಪೀಕರುಗಳು ಮೈಕಿಗಿಂತ ಮುಂದೆ, ಸಭಿಕರತ್ತ ಮುಖ ಮಾಡಿರಲಿ. ಮೈಕಿನ ಜಾಲರಿ ತಲೆಯನ್ನು ಅಂಗೈಯಿಂದ ಮುಚ್ಚಿ ಹಿಡಿಯಲು ಯಾರಿಗೂ ಬಿಡಬೇಡಿ, ಅದರಿಂದಲೂ ಕೂಗುತ್ತದೆ.

ಇಷ್ಟಾದ ಮೇಲೂ ಪದಗಳು ಕಲಸಿಹೋದರೆ ಸಭಾಂಗಣದ ಪ್ರತಿಧ್ವನಿ ಕಾರಣವಿರಬಹುದು. ಆಗ ವಾಲ್ಯೂಮ್ ತಗ್ಗಿಸಿ, ನಿಧಾನವಾಗಿ ಓದಲು ಹೇಳಿ. ಗೋಷ್ಠಿಗೆ ಮುಂಚೆ ಅತಿ ಮೆಲ್ಲಗೆ ಓದುವ ಸಾಲನ್ನೇ ಓದಿಸಿ, ಕುರ್ಚಿಗಳ ಕೊನೆಯ ಸಾಲಿನಲ್ಲಿ ಕೂತು ನೀವೇ ಕೇಳಿ ನೋಡಿ.