ದಿನಾ ಚಾ ಮಾಡುವ ಅಭ್ಯಾಸದಿಂದ ಮನಸ್ಸು ಹಗುರವಾಗುತ್ತದಾ?

ಮಣಿಪಾಲದಲ್ಲಿ ಒಬ್ಬರೇ ರೂಮು, ಸಂಜೆಯಾದರೆ ಮನಸ್ಸು ಭಾರ, ಮೈಯಲ್ಲಿ ಸುಸ್ತು, ದಿನಾ ಶಾಸ್ತ್ರೋಕ್ತವಾಗಿ ಚಾ ಮಾಡಿಕೊಂಡರೆ ಸರಿಹೋಗುತ್ತದಾ, ಯಾವ ಚಾ, ಯಾವ ಟೀ ಸೆಟ್ ತಗೊಳ್ಳಲಿ ಅಂತ ಕೇಳಿದ್ದೀರಿ. ಸೆಟ್ ವಿಷಯ ಆಮೇಲೆ. ಸುಸ್ತು ಅಂತ ಬರೆದಿದ್ದೀರಲ್ಲ, ಅದನ್ನು ಓದಿಯೇ ಉತ್ತರ ಬರೆಯಲು ಕೂತೆ.

ನನ್ನ ಗಂಡ ದುಬೈಯಲ್ಲಿ. ನಾನು, ಮಗ, ಅತ್ತೆ ಮಂಗಳೂರಿನ ಬಿಜೈಯಲ್ಲಿ. ಮನೆಯಲ್ಲೇ ಕೂತು ಲೆಕ್ಕಪತ್ರ ನೋಡುವ ಕೆಲಸ. ಮಳೆಗಾಲ ಹಿಡಿದರೆ ನಮ್ಮೂರು ಹೇಗೆ ಅಂತ ನಿಮಗೂ ಗೊತ್ತು. ಬಟ್ಟೆ ಒಣಗುವುದಿಲ್ಲ, ಮಧ್ಯಾಹ್ನ ಮೂರಕ್ಕೇ ಲೈಟ್ ಹಾಕಬೇಕು. ಆ ಹೊತ್ತಿಗೆ ನನಗೆ ಸುಮ್ನೆ ಅಳು ಬರುತ್ತಿತ್ತು. ಯಾಕೆ ಅಂತ ಯಾರಾದರೂ ಕೇಳಿದರೆ ಹೇಳಲಿಕ್ಕೆ ಏನೂ ಇಲ್ಲ.

ಅತ್ತೆ ಎಷ್ಟು ದಿನ ನೋಡಿದರೋ, ಒಮ್ಮೆ "ಇನ್ನು ನಾಲ್ಕು ಗಂಟೆಯ ಚಾ ನೀನೇ ಮಾಡು, ಆ ಮೊಬೈಲ್ ಅಲ್ಲೇ ಇಟ್ಟು ಬಾ" ಅಂದರು. ಮಾಡತೊಡಗಿದೆ. ಶುಂಠಿ ಜಜ್ಜಿ ನೀರಿಗೆ ಹಾಕಿ, ಅದು ಕುದ್ದು ವಾಸನೆ ಬಂದ ಮೇಲೆ ಚಾಹುಡಿ, ಕೊನೆಗೆ ಹಾಲು. ಅವಸರ ಮಾಡಿ ಹಾಲಿಗೇ ಹಸಿ ಶುಂಠಿ ಹಾಕಿದ ದಿನ ಹಾಲು ಒಡೆದೇ ಹೋಯಿತು. ಹಸಿ ಶುಂಠಿಯಲ್ಲಿ ಹಾಲಿನ ಪ್ರೋಟೀನನ್ನು ಒಡೆಯುವ ಕಿಣ್ವ ಇದೆ, ನೀರಲ್ಲಿ ಚೆನ್ನಾಗಿ ಕುದಿಸಿದರೆ ಅದರ ಆಟ ನಡೆಯುವುದಿಲ್ಲ. ಹಾಗಾಗಿ ಒಲೆಯ ಮುಂದೆ ನಿಂತು ಕಾಯಲೇಬೇಕು, ಬೇರೆ ದಾರಿ ಇಲ್ಲ. ಆಮೇಲೆ ಇಬ್ಬರೂ ಲೋಟ ಹಿಡಿದು ಬಾಲ್ಕನಿಯಲ್ಲಿ ಕೂರುವುದು, ಬೆಳಗಿನ ಬಜಿಲ್ (ಅವಲಕ್ಕಿ) ಉಳಿದಿದ್ದರೆ ಅದೂ ಇರುತ್ತಿತ್ತು. ಅತ್ತೆ ಅವರ ತವರಿನ ಆಸ್ತಿ ಜಗಳದ ಕತೆ ಶುರು ಮಾಡಿದರೆ ನನ್ನ ಅಳು ಎಲ್ಲಿ ಹೋಯಿತೋ. ನಿಜವಾಗಿ ಹಗುರವಾಯಿತು, ಸುಳ್ಳು ಹೇಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹಗುರ ಮಾಡಿದ್ದು ಚಾ ಅಂತ ತಿಳಿದುಕೊಂಡೆ, ಅಲ್ಲೇ ಎಡವಿದ್ದು. ನಾಲ್ಕು ಗಂಟೆಗೆ ಇಷ್ಟು ಒಳ್ಳೆಯದಾಗುತ್ತದೆ ಅಂದರೆ ಉಳಿದ ಹೊತ್ತಿಗೂ ಇರಲಿ ಅಂತ ತಿಂಡಿ ಆದ ಕೂಡಲೇ ಒಂದು, ಊಟ ಮಾಡಿ ಕೈ ತೊಳೆದ ಕೂಡಲೇ ಇನ್ನೊಂದು, ರಾತ್ರಿ ಗಂಡನ ಫೋನ್ ಬರುವ ಹೊತ್ತಿಗೆ ಮತ್ತೊಂದು. ಕೆಫೀನ್ ಅರ್ಧ ಇಳಿಯಲಿಕ್ಕೇ ಸುಮಾರು 5 ಗಂಟೆ ಬೇಕು. ರಾತ್ರಿ 9ಕ್ಕೆ ಕುಡಿದದ್ದರ ಅರ್ಧ 2 ಗಂಟೆಗೂ ಮೈಯಲ್ಲೇ ಇರುತ್ತದೆ, ನಿದ್ದೆ ಎಲ್ಲಿಂದ ಬರಬೇಕು? ಅದು ಹೋಗಲಿ. ದೊಡ್ಡ ಪೆಟ್ಟು ಬಿದ್ದದ್ದು ಊಟದ ಬೆನ್ನಿಗೆ ಕುಡಿದ ಚಾದಿಂದ.

ಬರುಬರುತ್ತಾ ಮೆಟ್ಟಿಲು ಹತ್ತಿದರೆ ಏದುಸಿರು. ಬಾಚಣಿಗೆ ತುಂಬ ಕೂದಲು. ಮಗ ಒಂದು ಮಾತು ಜಾಸ್ತಿ ಆಡಿದರೆ ರೇಗುತ್ತಿದ್ದೆ. ಮನಸ್ಸು ಇನ್ನೂ ಕೆಟ್ಟಿತು ಅಂದುಕೊಂಡು ಚಾ ಇನ್ನಷ್ಟು ಸ್ಟ್ರಾಂಗ್ ಮಾಡಿದೆ ಮಾರಾಯ್ರೆ! ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ ಒಂಬತ್ತು ಚಿಲ್ಲರೆ. ಹೆಂಗಸರಿಗೆ 12ರ ಮೇಲೆ ಇರಬೇಕು. ಕಬ್ಬಿಣದ ಮಾತ್ರೆ ಕೊಟ್ಟರು. ಅದನ್ನು ನುಂಗಿದ್ದು ಯಾವುದರ ಜೊತೆ ಗೊತ್ತಾ? ಅದೇ ಊಟದ ನಂತರದ ಚಾ. ಮತ್ತೆ ಪರೀಕ್ಷೆ ಮಾಡಿಸಿದಾಗ ಅಂಕಿ ಅಲ್ಲಾಡಿಯೇ ಇರಲಿಲ್ಲ. "ಮಾತ್ರೆ ಯಾವುದರಲ್ಲಿ ನುಂಗ್ತೀರಿ?" ಅಂತ ಡಾಕ್ಟ್ರು ಕೇಳಿದರು, ಹೇಳಿದೆ, ಅವರು ಪೆನ್ನು ಕೆಳಗಿಟ್ಟರು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ಚಾಕ್ಕೆ ಒಗರು ರುಚಿ ಕೊಡುವ ಟ್ಯಾನಿನ್ ಊಟದ ಕಬ್ಬಿಣವನ್ನು ಹೊಟ್ಟೆಯಲ್ಲೇ ಹಿಡಿದುಕೊಳ್ಳುತ್ತದೆ, ರಕ್ತಕ್ಕೆ ಸೇರಲು ಬಿಡುವುದಿಲ್ಲ. ಮೀನು, ಮಾಂಸದ ಕಬ್ಬಿಣಕ್ಕೆ ಈ ತೊಂದರೆ ಕಡಿಮೆ. ನಮ್ಮದು ಮೀನು ತಿನ್ನದ ಮನೆ. ಬಸಳೆ, ಹರಿವೆ, ಹುರುಳಿ ಸಾರು, ಎಲ್ಲ ತಿನ್ನುತ್ತಿದ್ದೆ, ತಿಂದದ್ದರಲ್ಲಿ ಮೈಗೆ ಹತ್ತಬೇಕಾದದ್ದನ್ನು ಚಾ ತಡೆಯುತ್ತಿತ್ತು. ರಕ್ತ ಕಡಿಮೆಯಾದರೆ ಸುಸ್ತು, ಸಿಡುಕು, ಯಾವುದರಲ್ಲೂ ಮನಸ್ಸಿಲ್ಲ. ಹೊರಗಿನಿಂದ ನೋಡಿದರೆ ಥೇಟ್ ಮನಸ್ಸಿನ ಕಾಯಿಲೆಯ ಹಾಗೇ ಕಾಣುತ್ತದೆ. ಈಗ ಊಟಕ್ಕೂ ಚಾಕ್ಕೂ ಒಂದು ಗಂಟೆಯಾದರೂ ಅಂತರ ಬಿಡುತ್ತೇನೆ, ಮಾತ್ರೆ ಇದ್ದಾಗ ಎರಡು ಗಂಟೆ ಬಿಡುತ್ತಿದ್ದೆ. ಮಾತ್ರೆಗೆ ಲಿಂಬೆ ಶರಬತ್ತು, ಲಿಂಬೆಯ ವಿಟಮಿನ್ ಸಿ ಕಬ್ಬಿಣವನ್ನು ಒಳಗೆ ಎಳೆದುಕೊಳ್ಳಲು ಸಹಾಯ ಮಾಡುತ್ತದೆ. ಅಂಕಿ ನಿಧಾನಕ್ಕೆ ಮೇಲೆ ಬಂತು.

ಹಾಗಾಗಿ ನೀವು ಮೊದಲು ಲ್ಯಾಬಿಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ಥೈರಾಯ್ಡ್ ಕೂಡ ನೋಡಿಸಿ. ಅದೆಲ್ಲ ಸರಿ ಇದ್ದೂ ಎರಡು ವಾರಕ್ಕಿಂತ ಜಾಸ್ತಿ ಮನಸ್ಸು ಏಳದೇ ಇದ್ದರೆ ಚಾ ಪಾತ್ರೆಯ ಮುಂದೆ ನಿಲ್ಲಬೇಡಿ, 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಾಗಿಲ್ಲ. ಸಾಯುವ ಯೋಚನೆ ಬಂದರಂತೂ ವಾರ ಲೆಕ್ಕ ಹಾಕುತ್ತಾ ಕೂರಬೇಡಿ, ಆಗಲೇ ಮಾಡಿ.

ಚಾ ಬಿಡಿ ಅಂತ ಅಲ್ಲ. ನಾಲ್ಕು ಗಂಟೆಯ ಚಾ ನಮ್ಮ ಮನೆಯಲ್ಲಿ ಈಗಲೂ ಇದೆ. ರಾತ್ರಿ ಕೈಗೆ ಏನಾದರೂ ಕೆಲಸ ಬೇಕೆನಿಸಿದರೆ ಕೊತ್ತಂಬರಿ ಜೀರಿಗೆ ಹುರಿದು ಹುಡಿ ಮಾಡಿಟ್ಟು, ಬೆಲ್ಲ ಹಾಕಿ ಕಷಾಯ ಕುದಿಸಿ. ಅದರಲ್ಲಿ ಕೆಫೀನ್ ಇಲ್ಲ, ಕುದಿಸುವ ಖುಷಿ ಚಾದಷ್ಟೇ ಇದೆ.

ಸೆಟ್ ಬೇಡ. ಒಬ್ಬರೇ ಕೂತು ಕುಡಿಯುವುದಕ್ಕೆ ಅಷ್ಟು ದುಬಾರಿ ಪಿಂಗಾಣಿ ಯಾಕೆ? ಆ ದುಡ್ಡಲ್ಲಿ ಎರಡು ಸ್ಟೀಲ್ ಲೋಟ ತಗೊಳ್ಳಿ, ಪಕ್ಕದ ರೂಮಿನವರನ್ನು ಕರೆಯಿರಿ. ಸಂಕೋಚ ಆದರೆ ಚಾಹುಡಿ ಮುಗಿದಿದೆ ಅಂತ ಕೇಳಿಕೊಂಡು ಹೋಗಿ, ನಮ್ಮ ಕಡೆ ಅದಕ್ಕೆ ಯಾರೂ ಬೇಸರ ಮಾಡುವುದಿಲ್ಲ.

ಗ್ರೀನ್ ಟೀ ಒಳ್ಳೆಯದಾ ಅಂತಲೂ ಕೇಳಿದ್ದೀರಿ. ಮನಸ್ಸನ್ನು ಶಾಂತ ಮಾಡುವ ಥಿಯಾನೀನ್ ಇದೆ ಅಂತ ಪ್ಯಾಕೆಟಲ್ಲಿ ಬರೆದಿರುತ್ತಾರೆ. ಇದೆ, ನಮ್ಮ ಮಾಮೂಲಿ ಚಾದಲ್ಲೂ ಇದೆ. ಪ್ರಯೋಗಗಳಲ್ಲಿ ಸಾಮಾನ್ಯವಾಗಿ ಕೊಡುವುದು 200 ಮಿಲಿಗ್ರಾಂ, ಒಂದು ಲೋಟದಲ್ಲಿ ಅಷ್ಟೆಲ್ಲ ಸಿಗುವುದಿಲ್ಲ. ಎರಡೂ ಒಂದೇ ಗಿಡದ ಎಲೆ, ಹಾಗಾಗಿ ಅದನ್ನೂ ಊಟದ ಬೆನ್ನಿಗೆ ಕುಡಿಯಬೇಡಿ. ರುಚಿ ಹಿಡಿಸಿದರೆ ಕುಡಿಯಿರಿ, ನನಗಂತೂ ಹಿಡಿಸಲಿಲ್ಲ.