ಮೀನು ಕಪ್ಪಾಗಿದ್ದು ರೋಗದಿಂದಲ್ಲ

ಪ್ರಶ್ನೆ: ಎರಡು ಅಡಿಯ ಅಕ್ವೇರಿಯಂನಲ್ಲಿ ಬಣ್ಣಬಣ್ಣದ 12 ಆಫ್ರಿಕನ್ ಸಿಕ್ಲಿಡ್ ಮರಿಗಳನ್ನು ಬಿಟ್ಟಿದ್ದೆ. ಐದು ತಿಂಗಳು ಅನ್ಯೋನ್ಯವಾಗಿದ್ದವು. ಈಗ ಕಪ್ಪು ಪಟ್ಟೆಯ ಹಳದಿ ಮೀನೊಂದು ದಿನೇದಿನೇ ಕಪ್ಪಾಗುತ್ತಿದೆ. ಬೇರೆ ಮೂರು ಮೀನುಗಳು ಸತ್ತಿವೆ. ಅಂಗಡಿಯವರು ಸೋಂಕು ಎಂದು ಹೇಳಿ ನೀಲಿ ಔಷಧ ಕೊಟ್ಟಿದ್ದಾರೆ. ಎಷ್ಟು ಹನಿ ಹಾಕಲಿ?

ಉತ್ತರ: ಒಂದು ಹನಿಯೂ ಬೇಡ. ಕಪ್ಪಾಗುತ್ತಿರುವ ಮೀನು ಗುಂಡುಕಲ್ಲಿನಂತಿದೆ. ಉಳಿದವು ಸಾಯುತ್ತಿರುವುದೇ ಅದರ ಕೈಯಲ್ಲಿ. ಇದೇ ಪತ್ರ ಊರು ಬದಲಿಸಿಕೊಂಡು ನನಗೆ ಬರುತ್ತಲೇ ಇರುತ್ತದೆ, ಜೊತೆಗೆ ಅದೇ ನೀಲಿ ಔಷಧವೂ.

ನಿಮ್ಮದು ಬಹುಮಟ್ಟಿಗೆ ಆರಾಟಸ್, ಮಲಾವಿ ಸರೋವರದ ಬಂಡೆಗಳ ನಡುವೆ ಬದುಕುವ ಮೀನು. ಮರಿಗೂ ಹೆಣ್ಣಿಗೂ ಹಳದಿ ಮೈ, ಕಪ್ಪು ಪಟ್ಟೆ. ಗಂಡು ಪ್ರಾಯಕ್ಕೆ ಬಂದಾಗ ಬಣ್ಣ ತಿರುವುಮುರುವಾಗುತ್ತದೆ: ಹಳದಿ ಹೊಟ್ಟೆಗೆ ಮಸಿ ಬಳಿದಂತಾಗಿ, ಪಟ್ಟೆ ತಿಳಿಯಾಗುತ್ತದೆ. ಒಂದಂಗುಲದ ಮರಿಗಳನ್ನು ‘ಮಿಕ್ಸ್’ ಎಂದು ಒಂದೇ ಚೀಲಕ್ಕೆ ತುಂಬಿ ಮಾರುವವರು ಇದನ್ನು ಹೇಳುವುದಿಲ್ಲ. ಆ ವಯಸ್ಸಿನಲ್ಲಿ ಯಾವುದಕ್ಕೂ ಗಡಿಯ ಚಿಂತೆ ಇರುವುದಿಲ್ಲ. ಎರಡು, ಎರಡೂವರೆ ಅಂಗುಲ ದಾಟಿದ ಗಂಡಿಗೆ ಜಾಗ ಬೇಕು. ಸರೋವರದಲ್ಲಾದರೆ ಸೋತ ಮೀನು ಗಡಿಯಾಚೆ ಓಡಿಹೋಗುತ್ತದೆ, ಜಗಳ ಅಲ್ಲಿಗೆ ಮುಗಿಯುತ್ತದೆ. ಎರಡು ಅಡಿಯ ಗಾಜಿನೊಳಗೆ ಎಲ್ಲಿಗೆ ಓಡಬೇಕು? ಇಡೀ ತೊಟ್ಟಿಯೇ ಅದರ ಜಮೀನು.

ಹೀಟರಿನ ಹಿಂದೆ, ನೀರಿನ ಮೇಲ್ಮೈಗೆ ಅಂಟಿಕೊಂಡು, ಬಾಲ ಹರಿದ ಮೀನೊಂದು ನಿಂತಿರಬಹುದು, ನೋಡಿ. ಊಟ ಹಾಕಿದರೂ ಅದು ಕೆಳಗೆ ಇಳಿಯುವುದಿಲ್ಲ. ಸಾಲಿನಲ್ಲಿ ಮುಂದಿನದು ಅದೇ.

ಇವತ್ತೇ ಕಲ್ಲುಗಳನ್ನೆಲ್ಲ ಹೊರಗೆ ತೆಗೆಯಿರಿ (ಕಲ್ಲಿದ್ದರೆ ಅದು ನಿಮ್ಮ ಬಲೆಗೆ ಬೀಳುವುದಿಲ್ಲ), ಆ ಗಂಡನ್ನು ಹಿಡಿದು ದೊಡ್ಡ ತೊಟ್ಟಿ ಇರುವವರಿಗೆ ಕೊಡಿ. ಬುದ್ಧಿ ಬರಲಿ ಎಂದು ವಾರ ಬೇರೆ ಇಟ್ಟು ಮತ್ತೆ ಬಿಡುವವರಿದ್ದಾರೆ. ನಾನೂ ಒಮ್ಮೆ ಬಿಟ್ಟಿದ್ದೆ; ಬೆಳಗಾಗುವಷ್ಟರಲ್ಲಿ ಎರಡು ಹೆಣ ತೆಗೆಯಬೇಕಾಯಿತು. ಕಲ್ಲುಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದರೆ ಹಳೆಯ ಗಡಿಗಳು ಅಳಿಯುತ್ತವೆ. ಆದರೆ ಇದು ತಾತ್ಕಾಲಿಕ. ಇಷ್ಟು ದಿನ ಹೆದರಿ ಬಣ್ಣ ಮುಚ್ಚಿಟ್ಟುಕೊಂಡಿದ್ದ ಇನ್ನೊಂದು ಗಂಡು ಈಗ ತಲೆ ಎತ್ತುತ್ತದೆ.

ಉಳಿದ ಎಂಟಕ್ಕೆ ಕನಿಷ್ಠ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿ ಬೇಕು, ಅಂದರೆ ಸುಮಾರು 250 ಲೀಟರ್. ನಿಮ್ಮದು ಹೆಚ್ಚೆಂದರೆ 55. ಆ ದೊಡ್ಡ ತೊಟ್ಟಿಯಲ್ಲೂ ಮೀನು ಕಡಿಮೆ ಇದ್ದರೆ ಶಾಂತಿ ಎಂದುಕೊಳ್ಳಬೇಡಿ. ಮೂರೋ ನಾಲ್ಕೋ ಇದ್ದರೆ ಒಂದರ ಮೇಲೇ ಎಲ್ಲ ಏಟು ಬೀಳುತ್ತದೆ. ಹದಿನೆಂಟು ಇಪ್ಪತ್ತು ಇದ್ದರೆ ಏಟು ಹಂಚಿಹೋಗುತ್ತದೆ. ಪ್ರತಿ ಜಾತಿಯಲ್ಲೂ ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಇರಲಿ. ಅಷ್ಟು ಮೀನಿಗೆ ತಕ್ಕ ಫಿಲ್ಟರ್ ಬೇಕು, ವಾರಕ್ಕೊಮ್ಮೆ ಮೂರನೇ ಒಂದು ಭಾಗ ನೀರು ಬದಲಿಸಬೇಕು. ಈ ಮೀನುಗಳಿಗೆ ಬೇಕಾದ ಕ್ಷಾರೀಯ ನೀರಿನಲ್ಲಿ ಮೀನಿನ ಹೊಲಸಿನಿಂದ ಬರುವ ಅಮೋನಿಯಾ ಇನ್ನೂ ವಿಷವಾಗುತ್ತದೆ, ಸೋಮಾರಿಗಳಿಗೆ ಇದು ಆಗದ ಕೆಲಸ. ಇಷ್ಟಕ್ಕೆ ಮನೆಯಲ್ಲಿ ಜಾಗವಿಲ್ಲವೆ? ಎಂಟನ್ನೂ ಕೊಟ್ಟುಬಿಡಿ, ಗಪ್ಪಿ ಸಾಕಿ.

ಪ್ರಶ್ನೆ: ಆಫ್ರಿಕನ್ ಸಿಕ್ಲಿಡ್‌ಗಳ ನೀರಿಗೆ ವಾರಕ್ಕೊಂದು ಹಿಡಿ ಅಡುಗೆ ಉಪ್ಪು ಹಾಕಬೇಕಂತೆ?

ಉತ್ತರ: ಮಲಾವಿ ಸಿಹಿನೀರಿನ ಸರೋವರ, ಸಮುದ್ರವಲ್ಲ. ಬೇಕಾದದ್ದು ಗಡಸು ನೀರು. ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವ ನಿಮ್ಮ ಬೋರ್‌ವೆಲ್ ನೀರನ್ನು ಬೈಯುತ್ತೀರಲ್ಲ, ಅದೇ ಇವಕ್ಕೆ ಇಷ್ಟ. ಉಪ್ಪು ಸಾರಿಗಿರಲಿ.

ಪ್ರಶ್ನೆ: ಬೇಗ ಬೆಳೆಯಲೆಂದು ಕೋಳಿಯ ಈಲಿ ಕೊಡಬಹುದೆ?

ಉತ್ತರ: ಬೇಡ. ಬಂಡೆಯ ಪಾಚಿ ಕೆರೆದು ತಿನ್ನುವ ಮೀನಿನ ಕರುಳು ಉದ್ದ. ಮಾಂಸ ತುರುಕಿದರೆ ಹೊಟ್ಟೆ ಉಬ್ಬಿ ಸಾಯಬಹುದು. ಸ್ಪಿರುಲಿನಾ ಎಂಬ ಪಾಚಿ ಇರುವ ಆಹಾರ ಕೊಡಿ, ಅದೂ ಸ್ವಲ್ಪವೇ.

ಪ್ರಶ್ನೆ: ಜೊತೆಗೆ ಒಂದು ಆಸ್ಕರ್ ಬಿಡಲೆ?

ಉತ್ತರ: ಅದು ದಕ್ಷಿಣ ಅಮೆರಿಕದ ಮೀನು. ಬೇಡ.

ಪ್ರಶ್ನೆ: ಹೆಣ್ಣು ಮೀನು ಹತ್ತು ದಿನದಿಂದ ಏನೂ ತಿನ್ನುತ್ತಿಲ್ಲ, ಗಂಟಲು ಊದಿಕೊಂಡಿದೆ. ಗಡ್ಡೆಯೆ?

ಉತ್ತರ: ಮರಿಗಳು! ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುವ ಜಾತಿ ಅದು. ಸುಮಾರು ಮೂರು ವಾರ ಹಿಡಿಯುತ್ತದೆ. ಬಾಯಿ ಬಿಡಿಸಿ ನೋಡಲು ಹೋಗಬೇಡಿ. ಗಾಬರಿಯಾದರೆ ಎಲ್ಲವನ್ನೂ ಉಗುಳಿಬಿಡುತ್ತದೆ, ಇಲ್ಲವೇ ನುಂಗಿಬಿಡುತ್ತದೆ.